ಲಾಟು ಒಂದು, ಸಾಲು ಎಂಟು: ತಾಯಿ-ಮರಿ ದಾಖಲೆ ಹುಡುಕುವಾಗ ಮೆಮೊರಿ ಉಳಿಸುವ ದಾರಿಗಳ ಹೋಲಿಕೆ

ಹಾಸನದ ಹೊರವಲಯದಲ್ಲಿರುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಬೆಳೆಗಾರರ ಕಾಫಿಯ ಸಿಪ್ಪೆ ತೆಗೆದು ಗ್ರೇಡ್ ಮಾಡುವ ಕಾರ್ಖಾನೆ) ಜನವರಿ ಬಂತೆಂದರೆ ಎರಡು ಸರದಿ ಬೆಳೆಯುತ್ತವೆ. ಗೇಟಿನ ಹೊರಗೆ ಮೂಟೆ ಹೊತ್ತ ಪಿಕಪ್‌ಗಳದು ಒಂದು. ಕಚೇರಿಯ ಕಂಪ್ಯೂಟರಿನ ಮುಂದೆ ‘ನಮ್ಮ ಲಾಟಿನ ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಕ್ಕ ಕಾಫಿಯ ಪ್ರಮಾಣ) ಎಷ್ಟು ಬಂತು’ ಎಂದು ಕೇಳುತ್ತ ನಿಂತ, ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರುಗಳದು ಇನ್ನೊಂದು. ಎರಡನೆಯ ಸರದಿ ಉದ್ದವಾಗಲು ಕಾರಣ ನಾನು ಬರೆದುಕೊಟ್ಟ ಹುಡುಕಾಟದ ತಂತ್ರಾಂಶ. 16 ಜಿಬಿ ಮೆಮೊರಿಯ ಯಂತ್ರದಲ್ಲಿ ಜಾವಾದ ಹೀಪ್ (ಜಾವಾ ತಂತ್ರಾಂಶಕ್ಕೆಂದು ಮೀಸಲಿಟ್ಟ ಮೆಮೊರಿ) ಕಂಠಮಟ್ಟ ತುಂಬಿ, ತಂತ್ರಾಂಶವು ಹುಡುಕುವ ಕೆಲಸ ಬಿಟ್ಟು ಬರೀ ಮೆಮೊರಿಯ ಕಸ ಗುಡಿಸುತ್ತ ಕೂತಿತ್ತು. ಮಾಲೀಕರದು ನೇರ ಮಾತು: ‘ಇನ್ನೊಂದು ಹದಿನಾರು ಜಿಬಿ ಹಾಕಿಸಿಬಿಡೋಣ, ಎಷ್ಟಾಗುತ್ತದೆ ಹೇಳಿ.’

ಹಾಕಿಸಬಹುದಿತ್ತು. ಆದರೆ ಆ ಮೆಮೊರಿ ಎಲ್ಲಿಗೆ ಹೋಗುತ್ತಿದೆ ಎಂದು ಆ ಹೊತ್ತಿನಲ್ಲಿ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಸೋರುವ ಹಂಡೆಗೆ ದೊಡ್ಡ ನಲ್ಲಿ ಹಾಕಿಸಿದಂತೆ ಆಗುತ್ತಿತ್ತು. ಒಂದು ವಾರ ಕೂತು ಲೆಕ್ಕ ಹಾಕಿದ್ದರ ಫಲ ಈ ಬರಹ. ಸೋಲರ್, ಎಲಾಸ್ಟಿಕ್‌ಸರ್ಚ್ ಎಂಬ ಎರಡು ಸರ್ಚ್ ಎಂಜಿನ್‌ಗಳ ಹೊಟ್ಟೆಯಲ್ಲೂ ಇರುವುದು ಲೂಸೀನ್ ಎಂಬ ಒಂದೇ ಸಿದ್ಧ ಕೋಡ್‌ನ ಗ್ರಂಥಾಲಯ. ಹಾಗಾಗಿ ಕೆಳಗಿನ ಮಾತುಗಳು ಹೆಚ್ಚುಕಡಿಮೆ ಎರಡಕ್ಕೂ ಸಲ್ಲುತ್ತವೆ, ಸಲ್ಲದ ಕಡೆ ಹೇಳಿದ್ದೇನೆ.

ಒಂದು ಲಾಟಿನ ಕಥೆ

ಬೆಳೆಗಾರರೊಬ್ಬರು ತಂದ ಪಾರ್ಚ್‌ಮೆಂಟ್ (ಒಳಸಿಪ್ಪೆ ಇನ್ನೂ ಇರುವ ಒಣಗಿದ ಕಾಫಿ ಬೀಜ) ಒಂದು ಲಾಟು. ಸಿಪ್ಪೆ ತೆಗೆದು, ಜರಡಿ ಹಿಡಿದು, ಬಣ್ಣ ನೋಡಿ ಬೇರ್ಪಡಿಸಿದ ಮೇಲೆ ಅದು ಎಎ, ಎ, ಬಿ, ಸಿ, ಪಿಬಿ (ಒಂಟಿ ದುಂಡು ಬೀಜ), ಬಿಬಿಬಿ ಎಂಬ ಗ್ರೇಡುಗಳ ಹಲವು ಸಾಲುಗಳಾಗಿ ಒಡೆಯುತ್ತದೆ. ಪ್ರತಿ ಸಾಲಿಗೂ ಮೂಟೆಗಳ ಲೆಕ್ಕ, ತೂಕ, ತೇವಾಂಶ. ಲಾಟು ತಾಯಿ ದಾಖಲೆ, ಗ್ರೇಡಿನ ಸಾಲುಗಳು ಮರಿ ದಾಖಲೆಗಳು.

ಖರೀದಿದಾರರು ಕೇಳುವ ಪ್ರಶ್ನೆ ಇಂಥದ್ದು: ‘ಬೇಲೂರು ತಾಲ್ಲೂಕಿನ ಯಾವ ಲಾಟುಗಳಲ್ಲಿ ಪಿಬಿ ಇಪ್ಪತ್ತು ಮೂಟೆಗಿಂತ ಹೆಚ್ಚು ಇದೆ?’ ಎಲ್ಲ ಸಾಲುಗಳನ್ನೂ ಒಂದೇ ದಾಖಲೆಯೊಳಗೆ ಸುಮ್ಮನೆ ಸುರಿದರೆ ಗ್ರೇಡುಗಳದು ಒಂದು ಪಟ್ಟಿ, ಮೂಟೆಗಳದು ಇನ್ನೊಂದು ಪಟ್ಟಿ ಆಗುತ್ತದೆ. ಎ ಗ್ರೇಡ್ 40 ಮೂಟೆ, ಪಿಬಿ 5 ಮೂಟೆ ಇರುವ ಲಾಟೂ ಉತ್ತರದಲ್ಲಿ ಬಂದು ಕೂರುತ್ತದೆ. ಪಿಬಿ ಇದೆ, ಇಪ್ಪತ್ತನ್ನು ಮೀರಿದ ಒಂದು ಸಂಖ್ಯೆಯೂ ಇದೆ, ಆದರೆ ಅವೆರಡೂ ಬೇರೆ ಬೇರೆ ಸಾಲಿನವು. ಈ ತಪ್ಪು ಜೋಡಿಯನ್ನು ತಪ್ಪಿಸಲೆಂದೇ ಎಲ್ಲರೂ ತಾಯಿ-ಮರಿ ವ್ಯವಸ್ಥೆಗೆ ಓಡುತ್ತಾರೆ. ನಾನೂ ಓಡಿದ್ದೆ.

ಮೊದಲ ದಾರಿ: ಒಂದೇ ದಾಖಲೆ, ಬೆಸೆದ ಪದಗಳು

ಓಡುವ ಮೊದಲು ಇದನ್ನೊಮ್ಮೆ ನೋಡಬೇಕಿತ್ತು. ಲಾಟಿಗೆ ಒಂದೇ ದಾಖಲೆ. ಗ್ರೇಡನ್ನೂ ಮೂಟೆಯ ಅಂದಾಜನ್ನೂ ಬೆಸೆದು ಒಂದೇ ಪದ ಮಾಡಿ ಇಂಡೆಕ್ಸ್‌ಗೆ (ಹುಡುಕಾಟದ ಸೂಚಿಗೆ) ಹಾಕುವುದು: ‘ಪಿಬಿ_20ಮೇಲೆ’, ‘ಎ_50ಮೇಲೆ’. ಕೇಳುವವರ ಪ್ರಶ್ನೆಗಳು ಸಾಮಾನ್ಯವಾಗಿ ನಾಲ್ಕೈದು ಮಟ್ಟಗಳಲ್ಲೇ ಇರುತ್ತವೆ. ಹತ್ತು, ಇಪ್ಪತ್ತು, ಐವತ್ತು, ನೂರು. ಹದಿನೇಳೂವರೆ ಮೂಟೆ ಯಾರೂ ಕೇಳುವುದಿಲ್ಲ. ಬೆಸೆದ ಪದ ಇನ್ನೊಂದು ಪದವಷ್ಟೇ, ಅದಕ್ಕಾಗಿ ಹೀಪ್‌ನಲ್ಲಿ ಯಾವ ಹೊಸ ರಚನೆಯೂ ಕೂರುವುದಿಲ್ಲ.

ಊರುಗಳ ಶ್ರೇಣಿಗೂ ಹೀಗೆಯೇ. ‘ಹಾಸನ/ಬೇಲೂರು/ಅರೇಹಳ್ಳಿ’ ಎಂಬ ದಾರಿಯನ್ನು ಪಾತ್ ಹೈರಾರ್ಕಿ ಟೋಕನೈಸರ್‌ಗೆ (ಟೋಕನೈಸರ್ ಎಂದರೆ ಪಠ್ಯವನ್ನು ಪದಗಳಾಗಿ ಒಡೆಯುವ ಭಾಗ) ಕೊಟ್ಟರೆ ಅದು ‘ಹಾಸನ’, ‘ಹಾಸನ/ಬೇಲೂರು’, ‘ಹಾಸನ/ಬೇಲೂರು/ಅರೇಹಳ್ಳಿ’ ಎಂದು ಮೂರು ಪದ ಮಾಡಿಡುತ್ತದೆ. ಜಿಲ್ಲೆಯ ಮಟ್ಟದಲ್ಲಿ ಹುಡುಕಿದರೂ ಹೋಬಳಿಯ ಮಟ್ಟದಲ್ಲಿ ಹುಡುಕಿದರೂ ಒಂದು ಪದದ ಕೆಲಸ. ಜಿಲ್ಲೆ, ತಾಲ್ಲೂಕು, ಹೋಬಳಿಗಳನ್ನು ತಾಯಿ-ಅಜ್ಜಿ ದಾಖಲೆಗಳಾಗಿ ಕಟ್ಟಿದವರನ್ನು ನೋಡಿದ್ದೇನೆ. ಹೋಬಳಿಯು ತಾಲ್ಲೂಕು ಬದಲಿಸುವುದು ಎಷ್ಟು ವರ್ಷಕ್ಕೊಮ್ಮೆ? ಕದಲದ ಶ್ರೇಣಿಗೆ ಅಷ್ಟೊಂದು ಕಟ್ಟಡ ಬೇಡ.

ಇದರ ಕೊರತೆ ಎಂದರೆ, ನೀವು ಮುಂಚೆ ಊಹಿಸದ ಪ್ರಶ್ನೆಗೆ ಉತ್ತರವಿಲ್ಲ. ‘ಪಿಬಿ ಇಪ್ಪತ್ತಕ್ಕಿಂತ ಹೆಚ್ಚು, ಜೊತೆಗೆ ಅದೇ ಸಾಲಿನ ತೇವಾಂಶ ಇಷ್ಟಕ್ಕಿಂತ ಕಡಿಮೆ’ ಎಂದರೆ ಬೆಸೆಯಬೇಕಾದ ಪದಗಳು ಗುಣಾಕಾರದಲ್ಲಿ ಹೆಚ್ಚುತ್ತವೆ. ಎರಡು ಗುಣಗಳ ತನಕ ಬೆಸೆಯಿರಿ. ಮೂರನೆಯದು ಬಂದರೆ ಮುಂದಿನ ದಾರಿ ನೋಡಿ.

ಎರಡನೆಯ ದಾರಿ: ಸಾಲಿಗೊಂದು ದಾಖಲೆ

ಪ್ರತಿ ಗ್ರೇಡ್ ಸಾಲೂ ಸ್ವತಂತ್ರ ದಾಖಲೆ. ಬೆಳೆಗಾರರ ಹೆಸರು, ಊರು, ಲಾಟಿನ ಸಂಖ್ಯೆ ಎಲ್ಲವನ್ನೂ ಪ್ರತಿ ಸಾಲಿಗೂ ನಕಲು ಮಾಡುವುದು. ತಪ್ಪು ಜೋಡಿಯ ಮಾತೇ ಇಲ್ಲ. ಡಿಸ್ಕ್ ಹೆಚ್ಚು ಬೇಕಾಗುತ್ತದೆ, ಅದು ಅಗ್ಗ.

ಮೆಮೊರಿ ಖರ್ಚಾಗುವುದು ಉತ್ತರವನ್ನು ಮತ್ತೆ ಲಾಟುವಾರು ಗುಂಪು ಮಾಡುವಾಗ. ಸೋಲರ್‌ನ ಕೊಲ್ಯಾಪ್ಸ್ ಸೌಲಭ್ಯ, ಕೆಟ್ಟ ಸಂದರ್ಭದಲ್ಲಿ, ಪ್ರತಿ ಲಾಟಿಗೂ ‘ಯಾವ ದಾಖಲೆ ಮುಂದಿದೆ’ ಎಂದು 4 ಬೈಟ್, ‘ಅದರ ಅಂಕ ಎಷ್ಟು’ ಎಂದು ಇನ್ನು 4 ಬೈಟ್ ಇಡಬೇಕಾಗುತ್ತದೆ. 20 ಲಕ್ಷ ಲಾಟುಗಳಿದ್ದರೆ ಒಂದು ಹುಡುಕಾಟಕ್ಕೆ ಸುಮಾರು 16 ಎಂಬಿ. ಹುಡುಕಾಟ ಮುಗಿದೊಡನೆ ಬಿಟ್ಟುಕೊಡುತ್ತದೆ ನಿಜ, ಆದರೆ ಒಂದೇ ಗಳಿಗೆಯಲ್ಲಿ ಮೂವತ್ತು ಜನ ಹುಡುಕಿದರೆ 480 ಎಂಬಿ. ಜನ ಕಡಿಮೆ, ದಾಖಲೆ ಹೆಚ್ಚು ಇರುವ ಕಡೆ ಇದು ಒಳ್ಳೆಯ ದಾರಿ. ಜನ ಹೆಚ್ಚಿರುವ ಕಡೆ ಯೋಚಿಸಿ.

ಬೆಳೆಗಾರರ ವಿಳಾಸ ಬದಲಾದರೆ ಅವರ ಎಲ್ಲ ಸಾಲುಗಳನ್ನೂ ತಿರುಗಿ ಬರೆಯಬೇಕು. ವರ್ಷಕ್ಕೊಂದೆರಡು ಬಾರಿ ನಡೆಯುವ ಈ ಕೆಲಸಕ್ಕೆ ಹೆದರಿ ಬೇರೆ ದಾರಿ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ಮೂರನೆಯ ದಾರಿ: ತಾಯಿ-ಮರಿ ಒಂದೇ ಗೂಡಿನಲ್ಲಿ

ಸೋಲರ್‌ನಲ್ಲಿ ಇದಕ್ಕೆ ಬ್ಲಾಕ್ ಜಾಯಿನ್ ಎಂದು, ಎಲಾಸ್ಟಿಕ್‌ಸರ್ಚ್‌ನಲ್ಲಿ ನೆಸ್ಟೆಡ್ ಎಂದು ಹೆಸರು. ಒಳಗಿನ ಉಪಾಯ ಒಂದೇ ಮತ್ತು ಸೊಗಸಾದದ್ದು. ಮರಿಗಳನ್ನೆಲ್ಲ ಸಾಲಾಗಿ ಬರೆದು, ಅವುಗಳ ಬೆನ್ನಿಗೇ ತಾಯಿಯನ್ನು ಬರೆಯುವುದು. ಎಲ್ಲವೂ ಒಂದೇ ಸೆಗ್ಮೆಂಟಿನಲ್ಲಿ (ಇಂಡೆಕ್ಸಿನ ಒಂದು ತುಂಡಿನಲ್ಲಿ), ನಡುವೆ ಬೇರೆಯವರು ನುಗ್ಗದಂತೆ. ಆಮೇಲೆ ಯಾವ ಮರಿ ಸಿಕ್ಕರೂ ಮುಂದೆ ನಡೆಯುತ್ತ ಹೋದರೆ ಮೊದಲು ಎದುರಾಗುವ ತಾಯಿಯೇ ಅದರ ತಾಯಿ. ‘ಇದು ತಾಯಿಯೋ ಅಲ್ಲವೋ’ ಎಂದು ತಿಳಿಯಲು ಪ್ರತಿ ದಾಖಲೆಗೆ ಒಂದು ಬಿಟ್ ಸಾಕು.

ಒಂದು ಬಿಟ್! 1 ಕೋಟಿ ದಾಖಲೆಗಳಿಗೆ 12.5 ಲಕ್ಷ ಬೈಟ್, ಅಂದರೆ ಒಂದೂಕಾಲು ಎಂಬಿ. ನೆಸ್ಟೆಡ್ ಎಂದರೆ ಮೆಮೊರಿ ನುಂಗುವ ಭೂತ ಎಂದು ಹೆದರಿಸುವವರಿಗೆ ಈ ಲೆಕ್ಕ ತೋರಿಸಬೇಕು. ಹಾಗಿದ್ದರೆ ನಮ್ಮ ಹೀಪ್ ತುಂಬಿದ್ದು ಹೇಗೆ? ಎರಡು ಕಾರಣ. ಎರಡೂ ನನ್ನವೇ.

ಮೊದಲನೆಯದು ನಾಚಿಕೆಯದು. ತಾಯಿ-ಮರಿ ಪ್ರಶ್ನೆಗಳನ್ನು ಓದಿಕೊಳ್ಳುವ ಸೋಲರ್‌ನ ಪೇರೆಂಟ್ ಪಾರ್ಸರ್‌ನಲ್ಲಿ ‘ವಿಚ್’ ಎಂಬ ಜಾಗವಿದೆ. ಅಲ್ಲಿ ‘ಯಾವೆಲ್ಲ ದಾಖಲೆಗಳು ತಾಯಂದಿರು’ ಎಂದು ಹೇಳಬೇಕು. ಎಲ್ಲ ತಾಯಂದಿರನ್ನೂ, ಒಬ್ಬರನ್ನೂ ಬಿಡದೆ. ನಾನು ಅದನ್ನು ‘ನನಗೆ ಬೇಕಾದ ತಾಯಂದಿರು’ ಎಂದು ಓದಿಕೊಂಡು ತಾಲ್ಲೂಕು, ಬೆಳೆ ವರ್ಷ, ಬೆಳೆಗಾರರ ಸಂಖ್ಯೆ ಎಲ್ಲವನ್ನೂ ಅಲ್ಲೇ ತುರುಕಿದ್ದೆ. ಪರಿಣಾಮ ಎರಡು. ಬಿಟ್ಟುಹೋದ ತಾಯಿಯನ್ನು ದಾಟಿ ಅವಳ ಮರಿಗಳು ಪಕ್ಕದ ಮನೆಯ ತಾಯಿಯ ಲೆಕ್ಕಕ್ಕೆ ಸೇರುತ್ತವೆ, ಅಂದರೆ ಉತ್ತರವೇ ತಪ್ಪು. ಮೆಮೊರಿಯ ವಿಷಯಕ್ಕೆ ಬಂದರೆ, ‘ವಿಚ್’ನಲ್ಲಿ ಬರೆದ ಪ್ರತಿ ಹೊಸ ವಾಕ್ಯಕ್ಕೂ ಒಂದೊಂದು ಬಿಟ್‌ಗಳ ಪಟ್ಟಿ ತಯಾರಾಗಿ ಕ್ಯಾಶ್‌ನಲ್ಲಿ (ಮತ್ತೆ ಬೇಕಾದೀತೆಂದು ಮೆಮೊರಿಯಲ್ಲಿ ತೆಗೆದಿಡುವ ಜಾಗದಲ್ಲಿ) ಕೂರುತ್ತದೆ. ಒಂದು ಪಟ್ಟಿ ಒಂದೂಕಾಲು ಎಂಬಿ, ಸರಿ. ಬೆಳೆಗಾರರಿಗೊಂದರಂತೆ ಸಾವಿರ ಪಟ್ಟಿಗಳಾದರೆ?

ಪರಿಹಾರ ಒಂದೇ ಸಾಲಿನದು. ‘ವಿಚ್’ನಲ್ಲಿ ಸದಾ ಒಂದೇ ವಾಕ್ಯ: ದಾಖಲೆಯ ಬಗೆ ಲಾಟು. ಮಿಕ್ಕ ಷರತ್ತುಗಳೆಲ್ಲ ಪ್ರತ್ಯೇಕ ಫಿಲ್ಟರ್‌ಗೆ. ಈ ಒಂದು ತಿದ್ದುಪಡಿಗೆ ಹೀಪ್ ಅರ್ಧಕ್ಕಿಳಿಯಿತು. ಎಲಾಸ್ಟಿಕ್‌ಸರ್ಚ್ ಬಳಸುವವರಿಗೆ ಈ ಗುಂಡಿ ಇಲ್ಲ, ತಾಯಿಯ ಪಟ್ಟಿಯನ್ನು ಅದು ತಾನೇ ನೋಡಿಕೊಳ್ಳುತ್ತದೆ. ಆದರೆ ಅಲ್ಲಿ ಆ ಪಟ್ಟಿಗಳು ಸ್ವಯಂಚಾಲಿತವಾಗಿ ಮೊದಲೇ ಮೆಮೊರಿಗೆ ಬರುತ್ತವೆ. ಸೆಗ್ಮೆಂಟುಗಳ ಅಂಕಿಅಂಶದಲ್ಲಿ ‘ಫಿಕ್ಸ್ಡ್ ಬಿಟ್ ಸೆಟ್’ ಎಂಬ ಸಾಲು ಅವುಗಳ ತೂಕ ಹೇಳುತ್ತದೆ. ಮುಟ್ಟದ ಹಳೆಯ ಇಂಡೆಕ್ಸುಗಳು ಹಲವಿದ್ದರೆ ಹೀಗೆ ಮೊದಲೇ ತುಂಬುವುದನ್ನು ಆಯಾ ಇಂಡೆಕ್ಸಿನ ಸೆಟ್ಟಿಂಗ್‌ನಲ್ಲಿ ನಿಲ್ಲಿಸಬಹುದು.

ಎರಡನೆಯ ಕಾರಣ ಸೂಕ್ಷ್ಮ, ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಮರಿಗಳೂ ಲೂಸೀನ್‌ಗೆ ಪೂರ್ಣ ದಾಖಲೆಗಳೇ. ಲಾಟಿಗೆ ಎಂಟು ಸಾಲು ಎಂದರೆ 10 ಲಕ್ಷ ಲಾಟುಗಳು 90 ಲಕ್ಷ ದಾಖಲೆಗಳಾಗುತ್ತವೆ. ಸೋಲರ್‌ನ ಫಿಲ್ಟರ್ ಕ್ಯಾಶ್‌ನಲ್ಲಿ ಒಂದೊಂದು ದೊಡ್ಡ ನಮೂದೂ ದಾಖಲೆಗೊಂದು ಬಿಟ್‌ನಂತೆ ಜಾಗ ಹಿಡಿಯುತ್ತದೆ. 90 ಲಕ್ಷಕ್ಕೆ 11.25 ಲಕ್ಷ ಬೈಟ್. ಕ್ಯಾಶ್‌ನ ಗಾತ್ರ 512 ನಮೂದು ಎಂದಿಟ್ಟಿದ್ದರೆ ಗರಿಷ್ಠ 576 ಎಂಬಿ. ಅದೇ 10 ಲಕ್ಷ ಲಾಟುಗಳನ್ನು ಮೊದಲ ದಾರಿಯಲ್ಲಿ ಇಟ್ಟಿದ್ದರೆ 64 ಎಂಬಿ. ತಾಯಿ-ಮರಿ ಹುಡುಕಾಟಕ್ಕೆ ಸಂಬಂಧವೇ ಇಲ್ಲದ ‘ಈ ವರ್ಷದ ಲಾಟು’ ಎಂಬ ಬಡಪಾಯಿ ಫಿಲ್ಟರ್ ಕೂಡ ಮರಿಗಳ ಸಲುವಾಗಿ ಒಂಬತ್ತು ಪಟ್ಟು ದಪ್ಪವಾಗುತ್ತದೆ. ನೆಸ್ಟೆಡ್‌ನ ನಿಜವಾದ ಬೆಲೆ ಇದು. ತಾಯಿಯ ಬಿಟ್ ಪಟ್ಟಿ ಅದರ ಮುಂದೆ ಚಿಲ್ಲರೆ.

ಆದ್ದರಿಂದ ಸೋಲರ್‌ನಲ್ಲಿ ಫಿಲ್ಟರ್ ಕ್ಯಾಶ್‌ಗೆ ನಮೂದುಗಳ ಸಂಖ್ಯೆಯ ಬದಲು ಮೆಮೊರಿಯ ಮಿತಿ ಹಾಕಿ, ಅದಕ್ಕೆ ‘ಮ್ಯಾಕ್ಸ್ ರ್ಯಾಮ್ ಎಂಬಿ’ ಎಂಬ ಸೆಟ್ಟಿಂಗ್ ಇದೆ. ಬೆಳೆಗಾರರ ಸಂಖ್ಯೆಯಂಥ ಒಬ್ಬರಿಗೆ ಒಮ್ಮೆ ಬೇಕಾಗುವ ಫಿಲ್ಟರ್‌ಗಳಿಗೆ ‘ಕ್ಯಾಶ್ ಬೇಡ’ ಎಂದು ಬರೆಯಿರಿ. ಎಲಾಸ್ಟಿಕ್‌ಸರ್ಚ್ ಈ ವಿಷಯದಲ್ಲಿ ಶಿಸ್ತಿನ ಹುಡುಗ, ತನ್ನ ಕ್ವೆರಿ ಕ್ಯಾಶ್ ಅನ್ನು ಹೀಪ್‌ನ ಶೇ. 10ರಲ್ಲೇ ಇಟ್ಟುಕೊಳ್ಳುತ್ತದೆ.

ತಿದ್ದುವ ಬಗ್ಗೆಯೂ ಹೇಳಬೇಕು. ಗೂಡಿನ ಒಂದು ಮರಿಯನ್ನು ತಿದ್ದಿದರೆ ಇಡೀ ಗೂಡನ್ನು ಹೊಸದಾಗಿ ಕಟ್ಟಬೇಕು. ಒಂದು ಸಾಲಿನ ತೇವಾಂಶ ತಿದ್ದಿದರೆ ಒಂಬತ್ತು ಹೊಸ ದಾಖಲೆ, ಒಂಬತ್ತು ಸತ್ತ ದಾಖಲೆ. ಸತ್ತವು ಸೆಗ್ಮೆಂಟುಗಳು ಬೆರೆಯುವ ತನಕ ಅಲ್ಲೇ ಇದ್ದು ಬಿಟ್‌ಗಳ ಲೆಕ್ಕಕ್ಕೂ ಸೇರುತ್ತವೆ. ಗ್ರೇಡಿಂಗ್ ಮುಗಿದ ಮೇಲೆ ಒಮ್ಮೆ ಬರೆದು ಬಿಡುವುದಾದರೆ ಚಿಂತೆಯಿಲ್ಲ. ಜರಡಿಯಿಂದ ಇಳಿದ ಪ್ರತಿ ಮೂಟೆಗೂ ಒಮ್ಮೆ ಬರೆಯುವ ವ್ಯವಸ್ಥೆಯಾದರೆ ಇದನ್ನು ಆರಿಸಬೇಡಿ.

ನಾಲ್ಕನೆಯ ದಾರಿ: ದೂರದ ನಂಟು

ತಾಯಿ, ಮರಿ ಬೇರೆ ಬೇರೆ ದಾಖಲೆಗಳು. ಮರಿಯ ಬಳಿ ತಾಯಿಯ ಗುರುತು ಮಾತ್ರ ಇರುತ್ತದೆ. ಎಲಾಸ್ಟಿಕ್‌ಸರ್ಚ್‌ನ ಜಾಯಿನ್ ಫೀಲ್ಡ್ ಇದು. ಮರಿಯನ್ನು ತಾಯಿಗೆ ತಾಗದಂತೆ ತಿದ್ದಬಹುದು ಎಂಬುದೊಂದೇ ಇದರ ಹೆಗ್ಗಳಿಕೆ, ಅದು ಸಣ್ಣದಲ್ಲ.

ಬೆಲೆ ಮಾತ್ರ ದುಬಾರಿ. ಯಾವ ಮರಿ ಯಾವ ತಾಯಿಯದು ಎಂದು ಬೇಗ ತಿಳಿಯಲು ಎಲ್ಲ ಸೆಗ್ಮೆಂಟುಗಳ ತಾಯಂದಿರಿಗೂ ಸೇರಿ ಒಂದು ಕ್ರಮಸಂಖ್ಯೆಯ ನಕ್ಷೆ ಬೇಕು. ಅದಕ್ಕೆ ಗ್ಲೋಬಲ್ ಆರ್ಡಿನಲ್ಸ್ ಎನ್ನುತ್ತಾರೆ. ಅದು ಹೀಪ್‌ನಲ್ಲೇ ಕೂರುತ್ತದೆ, ತಾಯಂದಿರು ಹೆಚ್ಚಿದಷ್ಟೂ ಬೆಳೆಯುತ್ತದೆ. ಹೊಸ ದಾಖಲೆಗಳು ಬಂದು, ಅವು ಹುಡುಕಾಟಕ್ಕೆ ಸಿಗುವಂತೆ ಇಂಡೆಕ್ಸ್ ರಿಫ್ರೆಶ್ ಆದಾಗಲೆಲ್ಲ ಅದನ್ನು ಮತ್ತೆ ಕಟ್ಟಬೇಕು. ಎಲಾಸ್ಟಿಕ್‌ಸರ್ಚ್‌ನ ಮಾಮೂಲಿ ರಿಫ್ರೆಶ್ ಸೆಕೆಂಡಿಗೊಮ್ಮೆ. ಕಾಫಿ ಬರುವ ಕಾಲದಲ್ಲಿ ಬೆಳಗಿನಿಂದ ಸಂಜೆಯ ತನಕ ತೂಕದ ಚೀಟಿಗಳು ಬರೆಯಲ್ಪಡುತ್ತಲೇ ಇರುವಾಗ ಇದು ಹೇಗಿರುತ್ತದೆ ಎಂದು ಊಹಿಸಿ. ಮಳೆಗಾಲದಲ್ಲಿ ಪರೀಕ್ಷಿಸಿ ‘ಚೆನ್ನಾಗಿದೆ’ ಎಂದವರು ಜನವರಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ.

ಜೊತೆಗೆ ತಾಯಿ-ಮರಿ ಒಂದೇ ಶಾರ್ಡ್‌ನಲ್ಲಿರಬೇಕು (ಶಾರ್ಡ್ ಎಂದರೆ ಇಂಡೆಕ್ಸನ್ನು ಹಂಚಿಟ್ಟ ಭಾಗಗಳಲ್ಲಿ ಒಂದು), ಒಂದು ಇಂಡೆಕ್ಸ್‌ಗೆ ಒಂದೇ ಜಾಯಿನ್ ಫೀಲ್ಡ್. ಸೋಲರ್‌ನ ಜಾಯಿನ್ ಪಾರ್ಸರ್‌ಗೆ ಇಂಥ ಕಾಯಂ ನಕ್ಷೆಯ ಭಾರವಿಲ್ಲ, ಪ್ರತಿ ಹುಡುಕಾಟದಲ್ಲೂ ನಂಟನ್ನು ಹೊಸದಾಗಿ ಹುಡುಕುತ್ತದೆ, ಹಾಗಾಗಿ ನಿಧಾನ.

ಇದನ್ನು ಯಾರು ಆರಿಸಬೇಕು? ತಾಯಿ ಕೆಲವೇ ಸಾವಿರ, ಮರಿಗಳು ಲಕ್ಷಗಟ್ಟಲೆ, ಮರಿಗಳು ದಿನವಿಡೀ ಬದಲಾಗುತ್ತವೆ, ಆ ಬದಲಾವಣೆಯ ಮೇಲೆಯೇ ಹುಡುಕಬೇಕು ಎನ್ನುವವರು. ಅಂಥವರು ರಿಫ್ರೆಶ್ ಅನ್ನು 30 ಸೆಕೆಂಡಿಗೆ ಏರಿಸಿ. ತೂಕದ ಚೀಟಿ ಅರ್ಧ ನಿಮಿಷ ತಡವಾಗಿ ಕಂಡರೆ ಯಾವ ರೈಟರೂ ಜಗಳಕ್ಕೆ ಬರುವುದಿಲ್ಲ. ನಮ್ಮಲ್ಲಿ ದಿನವಿಡೀ ಬದಲಾಗುತ್ತಿದ್ದದ್ದು ಹಣ ಪಾವತಿಯ ಸ್ಥಿತಿಯೊಂದೇ. ಅದನ್ನು ಹುಡುಕಾಟದಿಂದ ಹೊರಗೆ ತಂದು ಡೇಟಾಬೇಸ್‌ನಲ್ಲೇ ಬಿಟ್ಟೆ. ಪರದೆಯ ಮೇಲೆ ಕಾಣುವ ಇಪ್ಪತ್ತು ಲಾಟುಗಳಿಗೆ ಮಾತ್ರ ಅಲ್ಲಿಂದ ಕೇಳಿ ತೋರಿಸಿದರೆ ಸಾಕಾಯಿತು.

ಸರ್ಚ್ ಎಂಜಿನ್ ಬೇಕೇ?

ಈ ಪ್ರಶ್ನೆಯನ್ನು ಮೊದಲೇ ಕೇಳಬೇಕಿತ್ತು, ಯಾರೂ ಕೇಳುವುದಿಲ್ಲ. ಎಲ್ಲ ಸೇರಿ ಒಂದೆರಡು ಲಕ್ಷ ಸಾಲುಗಳಾದರೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಕು, ತಾಯಿ-ಮರಿ ಜೋಡಿಸುವುದು ಅದರ ಹುಟ್ಟು ಕಸುಬು. ಒಂದೇ ಯಂತ್ರದ ಸಣ್ಣ ಕಚೇರಿಗೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನ ಪಠ್ಯ ಹುಡುಕಾಟದ ಸೌಲಭ್ಯ ಎಫ್‌ಟಿಎಸ್5 ಇನ್ನೂ ಹಗುರ. ಕನ್ನಡದಲ್ಲಿ ಹುಡುಕುವವರು ಒಂದು ಎಚ್ಚರ ವಹಿಸಬೇಕು. ಎಫ್‌ಟಿಎಸ್5ರ ಮಾಮೂಲಿ ಟೋಕನೈಸರ್ ಅಕ್ಷರ ಮತ್ತು ಅಂಕಿಗಳನ್ನಷ್ಟೇ ಪದದ ಭಾಗವೆಂದು ಎಣಿಸುತ್ತದೆ. ಗುಣಿತದ ಚಿಹ್ನೆಗಳು ಯೂನಿಕೋಡ್‌ನಲ್ಲಿ ಬೇರೆ ವರ್ಗದವು, ಹಾಗಾಗಿ ‘ಮೂಡಿಗೆರೆ’ ಚೂರುಚೂರಾಗುತ್ತದೆ. ಟೋಕನೈಸರ್‌ನ ವರ್ಗಗಳ ಪಟ್ಟಿಗೆ ಆ ಚಿಹ್ನೆಗಳ ಎರಡು ವರ್ಗಗಳನ್ನು ಸೇರಿಸಿದರೆ ಪದ ಒಡೆಯುವುದಿಲ್ಲ.

ನಾವು ಕೊನೆಗೆ ಮಾಡಿದ್ದು

ಗ್ರೇಡ್ ಮತ್ತು ಮೂಟೆ ಬೆಸೆದ ಪದಗಳಾದವು. ದಿನದ ಹುಡುಕಾಟಗಳಲ್ಲಿ ಬಹುಪಾಲು ಅದರಲ್ಲೇ ಮುಗಿಯುತ್ತದೆ. ತೇವಾಂಶ ಸೇರಿದ ಉದ್ದ ಪ್ರಶ್ನೆಗಳಿಗೆಂದು ತಾಯಿ-ಮರಿ ಗೂಡಿನ ಇಂಡೆಕ್ಸ್ ಬೇರೆಯೇ ಇದೆ. ಅದನ್ನು ಬೆಳೆ ವರ್ಷಕ್ಕೊಂದರಂತೆ, ಅಕ್ಟೋಬರ್‌ನಿಂದ ಸೆಪ್ಟೆಂಬರ್ ತನಕ, ಒಡೆದಿಟ್ಟಿದ್ದೇವೆ. ವರ್ಷ ಮುಗಿದು ತಿದ್ದುಪಡಿ ನಿಂತ ಮೇಲೆ ಹಳೆಯ ಇಂಡೆಕ್ಸನ್ನು ಒಂದೇ ಸೆಗ್ಮೆಂಟಾಗಿ ಬೆರೆಸುತ್ತೇವೆ. ಸತ್ತ ದಾಖಲೆಗಳು ಉದುರುತ್ತವೆ. ನಾಲ್ಕನೆಯ ದಾರಿಯಲ್ಲಿ ಇರುವವರಿಗೆ ಇದರಿಂದ ಇನ್ನೊಂದು ಲಾಭವೂ ಇದೆ: ಶಾರ್ಡ್‌ನಲ್ಲಿ ಸೆಗ್ಮೆಂಟು ಒಂದೇ ಆದರೆ ಅದರ ಸ್ವಂತ ಕ್ರಮಸಂಖ್ಯೆಯೇ ಸಾಕು, ಗ್ಲೋಬಲ್ ನಕ್ಷೆಗೆ ಬೇರೆ ಮೆಮೊರಿ ಬೇಡ. ಇನ್ನೂ ಬರೆಯುತ್ತಿರುವ ಇಂಡೆಕ್ಸಿಗೆ ಮಾತ್ರ ಹೀಗೆ ಬಲವಂತದ ಬೆರಕೆ ಮಾಡಬೇಡಿ.

ಹೀಪ್‌ಗೆ ಈಗ 16ರಲ್ಲಿ 6 ಜಿಬಿ ಕೊಟ್ಟಿದ್ದೇನೆ. ಮೊದಲು 12 ಕೊಟ್ಟಿದ್ದೆ, ಅದೂ ತಪ್ಪೇ. ಲೂಸೀನ್ ತನ್ನ ಕಡತಗಳನ್ನು ಓದಲು ಕಾರ್ಯಾಚರಣ ವ್ಯವಸ್ಥೆಯ ಕ್ಯಾಶ್ ಅನ್ನು ನೆಚ್ಚಿಕೊಂಡಿದೆ, ಹೀಪ್ ಅರ್ಧಕ್ಕಿಂತ ಹೆಚ್ಚಾದರೆ ಅದಕ್ಕೆ ಉಸಿರುಕಟ್ಟುತ್ತದೆ. ಮಾಲೀಕರು ಹಾಕಿಸಲು ಹೊರಟಿದ್ದ ಹದಿನಾರು ಜಿಬಿಯ ದುಡ್ಡು ಗೋದಾಮಿನ ತೇವಾಂಶ ಮಾಪಕಕ್ಕೆ ಹೋಯಿತು. ಅದರ ಅಂಕಿಗಳನ್ನು ನೇರವಾಗಿ ಸಾಲಿಗೆ ಬರೆಸಬಹುದೇ ಎಂದು ಅವರು ಕೇಳುತ್ತಿದ್ದಾರೆ. ಬರೆಸಬಹುದು, ಆದರೆ ಗ್ರೇಡಿಂಗ್ ಮುಗಿದ ಮೇಲೆ, ಲಾಟಿಗೆ ಒಮ್ಮೆ ಮಾತ್ರ ಎಂದಿದ್ದೇನೆ.